ಹದಿನಾರರ ಕಳ್ಳತನ ಇಪ್ಪತ್ತಾರಕ್ಕೂ ಉಳಿಯುತ್ತದೆಯೇ?

ಪ್ರಶ್ನೆ: ನನ್ನ ತಂಗಿಯ ಮಗನಿಗೆ ಈಗ ಹದಿನಾರೂವರೆ. ಭಾವ ತೀರಿಕೊಂಡು ನಾಲ್ಕು ವರ್ಷವಾಯಿತು. ತಂಗಿ ದಾವಣಗೆರೆಯಲ್ಲಿ ಎರಡು ಮನೆಗಳ ಅಡುಗೆ ಮಾಡಿ ಸಂಸಾರ ತೂಗಿಸುತ್ತಿದ್ದಾಳೆ. ಹುಡುಗನಿಗೆ ಎಸ್ಸೆಸ್ಸೆಲ್ಸಿಯಲ್ಲಿ ಗಣಿತ, ಇಂಗ್ಲಿಷ್ ಎರಡೂ ಹೋದವು, ಆಮೇಲೆ ಶಾಲೆಯ ಮಾತೇ ಇಲ್ಲ. ಹದಿನೈದರಲ್ಲಿ ಒಂದು ಮೊಬೈಲ್ ಕದ್ದು ಸಿಕ್ಕಿಬಿದ್ದಿದ್ದ. ಕಳಕೊಂಡವರ ಕೈಕಾಲು ಹಿಡಿದು ಅಲ್ಲಿಗೇ ಮುಗಿಸಿದೆವು. ನಾಲ್ಕು ತಿಂಗಳ ಹಿಂದೆ ಇಪ್ಪತ್ತೆರಡು, ಇಪ್ಪತ್ಮೂರು ವಯಸ್ಸಿನ ಇಬ್ಬರ ಜೊತೆ ಎರಡು ಬೈಕ್ ಕದ್ದ ಕೇಸಾಯಿತು. ಹತ್ತೊಂಬತ್ತು ದಿನ ವೀಕ್ಷಣಾಲಯದಲ್ಲಿದ್ದು ಜಾಮೀನಿನ ಮೇಲೆ ಬಂದಿದ್ದಾನೆ. ಈಗಲೂ ಮನೆ ಸೇರುವುದು ರಾತ್ರಿ ಹನ್ನೊಂದಕ್ಕೆ, ಬಟ್ಟೆಯಲ್ಲಿ ಪಂಕ್ಚರ್ ಸೊಲ್ಯೂಷನ್ ವಾಸನೆ. ‘ಹುಟ್ಟುಗುಣ ಸುಟ್ಟರೂ ಹೋಗಲ್ಲ, ಜಾಮೀನು ಕೊಡಿಸಿದ್ದೇ ತಪ್ಪು, ಎರಡು ವರ್ಷ ಒಳಗಿದ್ದಿದ್ದರೆ ಬುದ್ಧಿ ಬರ್ತಿತ್ತು’ ಅಂತಾರೆ ಹಿರಿಯರು. ಪರಿಚಯದ ಪೊಲೀಸರಿಗೆ ಹೇಳಿ ಒಮ್ಮೆ ಜೈಲು ತೋರಿಸಿ ಹೆದರಿಸಿ ಅಂತ ಒಬ್ಬರು, ಬೇಗ ಮದುವೆ ಮಾಡಿ ಅಂತ ಇನ್ನೊಬ್ಬರು. ನನ್ನದು ರಾಣೆಬೆನ್ನೂರಿನಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ. ಕರೆದುಕೊಂಡು ಬರೋಣವೆಂದರೆ ಮನೆಯಲ್ಲಿ ಎರಡು ಹೆಣ್ಣುಮಕ್ಕಳಿದ್ದಾರೆ, ಹೆಂಡತಿಗೆ ಭಯ. ಇವನು ಜೀವನಪೂರ್ತಿ ಕಳ್ಳನಾಗಿಯೇ ಉಳೀತಾನಾ?

ಉತ್ತರ: ಮೊಬೈಲ್ ಕದ್ದಾಗ ಒಂದು ಸಲದ ಚಪಲ ಎಂದುಕೊಂಡಿರಿ. ಬೈಕ್ ಕೇಸು ಬಂದಮೇಲೆ ‘ಇದು ಇಲ್ಲಿಗೆ ನಿಲ್ಲುವಂತೆ ಕಾಣುವುದಿಲ್ಲ’ ಎಂಬ ಭಯ ಹತ್ತಿದೆ. ನೀವು ಬರೆದಷ್ಟನ್ನು ನೋಡಿ ಹೇಳುವುದಾದರೆ, ಈ ಹುಡುಗ ಮುಂದುವರಿಸುವುದಕ್ಕಿಂತ ನಿಲ್ಲಿಸುವ ಸಂಭವವೇ ಹೆಚ್ಚು. ಹಾಗೆಂದು ವಯಸ್ಸು ಬಂದರೆ ತಾನೇ ಸರಿಹೋಗುತ್ತಾನೆ ಎಂದು ಕೈಕಟ್ಟಿ ಕೂರುವ ಹಾಗೂ ಇಲ್ಲ. ಬೈಕ್ ಕಳವಿಗಿಂತ ನನಗೆ ಹೆಚ್ಚು ಕಳವಳ ತಂದದ್ದು ನಿಮ್ಮ ಪತ್ರದ ಬೇರೆ ಮೂರು ಮಾತುಗಳು: ಇಪ್ಪತ್ಮೂರರ ಜೊತೆಗಾರ, ಸೊಲ್ಯೂಷನ್ ವಾಸನೆ, ನಿಂತುಹೋದ ಓದು.

ಹದಿಹರೆಯದಲ್ಲಿ ತಪ್ಪು ಮಾಡುವವರು ಬಹಳ, ಅದರಲ್ಲೇ ಉಳಿಯುವವರು ಕೆಲವರು. 1945ರಲ್ಲಿ ಹುಟ್ಟಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಬೆಳೆದ 9,945 ಗಂಡುಮಕ್ಕಳ ದಾಖಲೆಯನ್ನು ಮಾರ್ವಿನ್ ವುಲ್ಫ್‌ಗ್ಯಾಂಗ್ ಮತ್ತು ಸಂಗಡಿಗರು 18 ತುಂಬುವವರೆಗೆ ಜಾಲಾಡಿದರು. 3,475 ಹುಡುಗರು ಒಮ್ಮೆಯಾದರೂ ಪೊಲೀಸ್ ದಾಖಲೆಯಲ್ಲಿದ್ದರು, ಅಂದರೆ ಮೂವರಲ್ಲಿ ಒಬ್ಬ. ಅವರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿ ಎರಡನೇ ಸಲ ಆ ದಾಖಲೆಗೆ ಬರಲೇ ಇಲ್ಲ. ಐದು ಸಲ ಅಥವಾ ಅದಕ್ಕಿಂತ ಹೆಚ್ಚು ಬಂದವರು 627, ಒಟ್ಟು ಹುಡುಗರಲ್ಲಿ ನೂರಕ್ಕೆ ಆರು ಮಂದಿ. ದಾಖಲಾದ ಅಪರಾಧಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈ ಆರು ಮಂದಿಯ ಪಾಲಿನವು. ನಮ್ಮ ದೇಶದಲ್ಲಿ 2022ರಲ್ಲಿ 18ರ ಒಳಗಿನವರ ಮೇಲೆ ದಾಖಲಾದ ಪ್ರಕರಣ 30,555. ಹಿಡಿಯಲ್ಪಟ್ಟವರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಮಂದಿ 16 ದಾಟಿದವರು. ನಿಮ್ಮ ಸೋದರಳಿಯ ಇರುವುದು ಇಂಥ ತಪ್ಪುಗಳು ಅತಿ ಹೆಚ್ಚಾಗುವ ವಯಸ್ಸಿನಲ್ಲಿ. ಬೇರೆ ಬೇರೆ ದೇಶಗಳ ಲೆಕ್ಕದಲ್ಲೂ ತಪ್ಪುಗಳ ಗೆರೆ ಹದಿನಾರು ಹದಿನೆಂಟರ ಸುತ್ತ ಏರಿ, ಇಪ್ಪತ್ತರ ದಶಕದ ನಡುವಿಗೆ ಬರುವಷ್ಟರಲ್ಲಿ ಇಳಿದಿರುತ್ತದೆ.

ಹಾಗಾದರೆ ಕೆಲವರು ಏಕೆ ಇಳಿಯುವುದಿಲ್ಲ? ನ್ಯೂಜಿಲೆಂಡಿನ ಡ್ಯುನೆಡಿನ್ ಊರಿನಲ್ಲಿ 1972–73ರಲ್ಲಿ ಹುಟ್ಟಿದ 1,037 ಮಕ್ಕಳನ್ನು ಇಂದಿಗೂ ಬಿಡದೆ ಗಮನಿಸುತ್ತಾ ಬಂದಿದ್ದಾರೆ. ಆ ಅಧ್ಯಯನದಲ್ಲಿದ್ದ ಟೆರಿ ಮೊಫಿಟ್ 1993ರಲ್ಲಿ ಎರಡು ದಾರಿಗಳನ್ನು ಬೇರ್ಪಡಿಸಿ ತೋರಿಸಿದರು. ಒಂದು ಚಿಕ್ಕ ಗುಂಪಿನ ತೊಂದರೆ ಬಾಲ್ಯದಲ್ಲೇ ಶುರುವಾಗಿರುತ್ತದೆ. ಮಾತು ತಡ, ಗಮನ ನಿಲ್ಲದು, ಮೂರು ನಾಲ್ಕು ವರ್ಷದಿಂದಲೇ ಹೊಡೆದಾಟ, ಮನೆಯಲ್ಲಿ ಏಟು, ಶಾಲೆಯಲ್ಲಿ ದೂರು. ಇನ್ನೊಂದು ದೊಡ್ಡ ಗುಂಪು ಹನ್ನೆರಡು ಹದಿಮೂರರವರೆಗೆ ಎಲ್ಲರಂತೆಯೇ ಇದ್ದು, ಮೀಸೆ ಚಿಗುರುವ ಹೊತ್ತಿಗೆ ‘ದೊಡ್ಡವನಾಗಿದ್ದೇನೆ’ ಎಂದು ತೋರಿಸಿಕೊಳ್ಳಲು ದೊಡ್ಡವರ ತಪ್ಪುಗಳನ್ನು ಅನುಕರಿಸುತ್ತದೆ. ಈ ಎರಡನೆಯ ಗುಂಪು ಸಾಮಾನ್ಯವಾಗಿ ನಿಲ್ಲಿಸುತ್ತದೆ. ನಿಮ್ಮ ಪ್ರಶ್ನೆಗೆ ಬೇಕಾದ ಮಾತು ಇದರ ಮುಂದಿನದು. ಅದೇ ಹುಡುಗರನ್ನು 26ನೇ ವಯಸ್ಸಿನಲ್ಲಿ ನೋಡಿದಾಗ ಈ ಎರಡನೆಯ ಗುಂಪಿನವರೂ ಕೆಲವರು ಸಣ್ಣಪುಟ್ಟ ಕಳವು, ಕುಡಿತ, ಸಾಲಗಳಲ್ಲಿ ಸಿಕ್ಕಿಕೊಂಡೇ ಇದ್ದರು. ಅವರನ್ನು ಹಿಡಿದಿಟ್ಟವಕ್ಕೆ ಮೊಫಿಟ್ ‘ಉರುಳು’ ಎಂಬ ಅರ್ಥದ ಮಾತು ಬಳಸುತ್ತಾರೆ: ಚಟ, ಅರ್ಧಕ್ಕೆ ನಿಂತ ಓದು, ಪೊಲೀಸ್ ದಾಖಲೆ. ಹಕ್ಕಿ ಹಾರುವುದನ್ನು ಮರೆತಿರುವುದಿಲ್ಲ, ಕಾಲಿಗೆ ದಾರ ಬಿದ್ದಿರುತ್ತದೆ. ಮುಂದುವರಿಸುವ ಹುಡುಗರಲ್ಲಿ ಬಹಳಷ್ಟು ಮಂದಿಯ ಕಥೆ ನನಗೆ ಹೀಗೇ ಕಂಡಿದೆ.

ನಿಮ್ಮ ಹುಡುಗ ಯಾವ ಗುಂಪು? ತಂಗಿಯ ಜೊತೆ ಕೂತು ಇವನ್ನು ನೆನಪು ಮಾಡಿಕೊಳ್ಳಿ. ಹತ್ತು ವರ್ಷದ ಒಳಗೆ ಕಳವು, ಮನೆ ಬಿಟ್ಟು ಓಡುವುದು, ಪ್ರಾಣಿಗಳನ್ನು ಹಿಂಸಿಸುವುದು ಇತ್ತೇ? ಮನೆ, ಶಾಲೆ, ಓಣಿ ಎಲ್ಲ ಕಡೆಯೂ ದೂರಿತ್ತೇ, ಇಲ್ಲ ಒಂದೇ ಕಡೆಯೇ? ತಪ್ಪು ಮಾಡುವುದು ಒಬ್ಬನೇ ಇದ್ದಾಗಲೋ, ಜೊತೆಯಿದ್ದಾಗಲೋ? ಕೈಯಲ್ಲಿ ಆಯುಧ ಹಿಡಿದಿದ್ದಾನೆಯೇ? ತಾಯಿ ಅತ್ತಾಗ ಅವನ ಮುಖ ಹೇಗಿರುತ್ತದೆ? ಅಪ್ಪ ಹೋಗುವ ಮೊದಲೂ ಹೀಗೇ ಇದ್ದನೇ? ಮೊದಲ ಕಳವು ಹದಿನೈದಕ್ಕೆ, ಎರಡನೆಯದು ದೊಡ್ಡವರ ಜೊತೆ ಎಂದಿದ್ದೀರಿ. ಬಾಲ್ಯ ಸರಿಯಿದ್ದು ಹನ್ನೆರಡರ ನಂತರ ಕೆಟ್ಟಿದ್ದರೆ ಅದು ಎರಡನೆಯ ದಾರಿ.

ಉತ್ತರಗಳು ಬೇರೆಯಾಗಿದ್ದರೂ ಹಣೆಬರಹ ಓದಿದಂತೆ ಓದಬೇಡಿ. ಅಮೆರಿಕದ ಸೇಂಟ್ ಲೂಯಿಸ್‌ನ ಮಕ್ಕಳ ಚಿಕಿತ್ಸಾಲಯಕ್ಕೆ ಬಂದಿದ್ದ 524 ಮಕ್ಕಳನ್ನು ದೊಡ್ಡವರಾದಮೇಲೆ ಹುಡುಕಿ ನೋಡಿದ ಲೀ ರಾಬಿನ್ಸ್ 1966ರಲ್ಲೇ ಹೇಳಿದ್ದ ಮಾತಿದೆ: ಅಪರಾಧದಲ್ಲಿ ಮುಳುಗಿದ ದೊಡ್ಡವರಲ್ಲಿ ಹೆಚ್ಚುಕಡಿಮೆ ಎಲ್ಲರ ಬಾಲ್ಯದಲ್ಲೂ ತೊಂದರೆ ಕಾಣುತ್ತದೆ. ಆದರೆ ತೊಂದರೆಯ ಮಕ್ಕಳಲ್ಲಿ ಅರ್ಧಕ್ಕಿಂತ ಕಡಿಮೆ ಮಂದಿಯಷ್ಟೇ ಅಂಥ ದೊಡ್ಡವರಾಗುತ್ತಾರೆ. ‘ಹುಟ್ಟುಗುಣ’ ಅನ್ನುವವರು ಹಿಂದಿನಿಂದ ಮುಂದಕ್ಕೆ ನೋಡುವುದಿಲ್ಲ. ಕಳ್ಳನಾದವನನ್ನು ತೋರಿಸಿ ‘ಚಿಕ್ಕವನಿದ್ದಾಗಲೇ ಹಾಗಿದ್ದ’ ಅಂತಾರೆ. ಹಾಗೇ ಇದ್ದು ಇವತ್ತು ಕಿರಾಣಿ ಅಂಗಡಿ ನಡೆಸುತ್ತಿರುವವನನ್ನು ಯಾರೂ ತೋರಿಸುವುದಿಲ್ಲ.

ಈಗ ಉರುಳುಗಳನ್ನು ಒಂದೊಂದಾಗಿ ನೋಡೋಣ. ಎಲ್ಲಕ್ಕಿಂತ ತುರ್ತು, ಅಮಲಿಗಾಗಿ ಮೂಸುವ ಸೊಲ್ಯೂಷನ್. ಪಂಕ್ಚರ್ ಸೊಲ್ಯೂಷನ್, ವೈಟ್ನರ್, ಥಿನ್ನರ್ ಇವುಗಳಲ್ಲಿರುವ ಆವಿ ಕೆಲವೇ ನಿಮಿಷದಲ್ಲಿ ಮಿದುಳಿಗೆ ಮುಟ್ಟುತ್ತದೆ. ಬಾಯಿಯ ಸುತ್ತ, ಮೂಗಿನ ಕೆಳಗೆ ಒಣಗಿದ ಗುಳ್ಳೆ, ಬೆಳಗಿನ ತಲೆನೋವು, ಊಟ ಸೇರದಿರುವುದು, ಜೇಬಿನಲ್ಲಿ ಗಟ್ಟಿಯಾದ ಬಟ್ಟೆ ತುಂಡು ಅಥವಾ ಪ್ಲಾಸ್ಟಿಕ್ ಕವರ್ ಇದ್ದರೆ ಅನುಮಾನಕ್ಕೆ ಜಾಗವೇ ಇಲ್ಲ. ತಂಗಿಗೆ ಇವತ್ತೇ ಒಂದು ಮಾತು ಹೇಳಿ: ಅವನು ಅಮಲಿನಲ್ಲಿರುವಾಗ ಬೆನ್ನಟ್ಟಬಾರದು, ಹೊಡೆಯಬಾರದು, ಕೂಗಾಡಬಾರದು. ಆವಿ ಒಳಗಿರುವಾಗ ಹೆದರಿಕೆ, ಓಟ ಸೇರಿದರೆ ಎದೆಬಡಿತ ತಪ್ಪಿ ಅಲ್ಲೇ ಪ್ರಾಣ ಹೋಗಬಹುದು, ಮೊದಲ ಸಲ ಮೂಸಿದವನಿಗೂ. ಕಿಟಕಿ ತೆಗೆದು, ಸಮಾಧಾನದಿಂದ ಕೂರಿಸಬೇಕು. ಪ್ರಜ್ಞೆ ತಪ್ಪಿದರೆ ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಬೇಕು. ಬಯ್ಯುವುದಿದ್ದರೆ ಮಾರನೇ ದಿನ ಬಯ್ಯಲಿ.

ಈ ಚಟ ಬಿಡಿಸುವ ಗುಳಿಗೆ ಇಲ್ಲ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿ, ಇಲ್ಲವೇ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಿ. ಮೊದಲು ಮಾತಾಡಿ ತಿಳಿದುಕೊಳ್ಳಬೇಕೆಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಬಹುದು. ಹೋದಾಗ ಬರೀ ಚಟದ ಮಾತಾಡಿ ಬರಬೇಡಿ. ಗಮನಕೊರತೆಯ ತೊಂದರೆ, ಕಲಿಕೆಯ ದೋಷ, ಹಳೆಯ ತಲೆಪೆಟ್ಟು, ಖಿನ್ನತೆ ಇವನ್ನೂ ಪರೀಕ್ಷಿಸಿ ಎಂದು ಬಾಯಿಬಿಟ್ಟು ಕೇಳಿ. ಎರಡು ವಿಷಯ ಹೋದ ಹುಡುಗನಿಗೆ ಅಕ್ಷರಗಳೇ ಓಡಾಡುತ್ತಿದ್ದಿರಬಹುದು, ಅದನ್ನು ಎಲ್ಲರೂ ಸೋಮಾರಿತನ ಅಂದುಕೊಂಡಿರಬಹುದು. ಗಮನಕೊರತೆಯ ತೊಂದರೆಯಿದ್ದ 25,000ಕ್ಕೂ ಹೆಚ್ಚು ಜನರ ದಾಖಲೆಯನ್ನು ಸ್ವೀಡನ್ನಿನಲ್ಲಿ ನೋಡಿದಾಗ, ಗಂಡಸರು ಔಷಧ ತೆಗೆದುಕೊಳ್ಳುತ್ತಿದ್ದ ಅವಧಿಯಲ್ಲಿ ಅವರ ಅಪರಾಧ ಪ್ರಮಾಣ ನೂರಕ್ಕೆ 32ರಷ್ಟು ಕಡಿಮೆಯಿತ್ತು. ತಂದೆ ಹೋದ ದುಃಖವನ್ನು ಅವನು ಯಾರ ಮುಂದಾದರೂ ಆಡಿದ್ದಾನೆಯೇ ಎಂಬುದನ್ನೂ ಕೇಳಿಕೊಳ್ಳಿ. ಹನ್ನೆರಡರಲ್ಲಿ ಅಪ್ಪ ಹೋಗಿ ಅಮ್ಮ ಬೆಳಗಿನಿಂದ ಸಂಜೆಯವರೆಗೆ ಹೊರಗೆ ದುಡಿಯುವ ಮನೆಯಲ್ಲಿ, ಹುಡುಗನ ಸಂಜೆಗಳು ಯಾರ ಲೆಕ್ಕಕ್ಕೂ ಇರುವುದಿಲ್ಲ.

ಎರಡನೇ ಉರುಳು ಆ ದೊಡ್ಡ ಹುಡುಗರು. ಹದಿನಾರರವನಿಗೆ ಸರಿತಪ್ಪು ಗೊತ್ತಿರುತ್ತದೆ. ಒಬ್ಬನೇ ಕೂತಿದ್ದಾಗ ಕೇಳಿದರೆ ನಿಮಗಿಂತ ಚೆನ್ನಾಗಿ ಹೇಳುತ್ತಾನೆ. ಸ್ನೇಹಿತರು ನೋಡುತ್ತಿರುವಾಗ ಮಾತ್ರ ಆ ತಿಳಿವಳಿಕೆ ಕೈಗೆ ಬರುವುದಿಲ್ಲ. 2005ರ ಒಂದು ಪ್ರಯೋಗದಲ್ಲಿ ಕಂಪ್ಯೂಟರ್‌ನ ಕಾರು ಓಡಿಸುವ ಆಟ ಆಡಿಸಿದರು. ಗೆಳೆಯರು ಪಕ್ಕದಲ್ಲಿದ್ದಾಗ ಹದಿಹರೆಯದವರು ತೆಗೆದುಕೊಂಡ ಅಪಾಯ ಒಬ್ಬರೇ ಇದ್ದಾಗಿನದಕ್ಕಿಂತ ಬಹಳ ಹೆಚ್ಚಾಯಿತು. 24 ದಾಟಿದವರಲ್ಲಿ ಅಂಥ ವ್ಯತ್ಯಾಸವೇ ಕಾಣಲಿಲ್ಲ. ಟೀ ಅಂಗಡಿ ಮುಂದೆ ಬೈಕ್ ನಿಲ್ಲಿಸಿ ‘ಬಾರಲೇ, ಕೂತ್ಕೋ’ ಅಂದಾಗ ಅವನು ಯೋಚಿಸುವುದು ಕಾನೂನಿನ ಬಗ್ಗೆ ಅಲ್ಲ, ಇಲ್ಲ ಅಂದರೆ ಮುಖ ಎಲ್ಲಿಡಲಿ ಎಂಬುದರ ಬಗ್ಗೆ. ‘ಅವರ ಸಹವಾಸ ಬಿಡು’ ಎಂದು ನೂರು ಸಲ ಹೇಳುವುದರ ಬದಲು, ಮುಖ ಉಳಿಸಿಕೊಂಡು ತಪ್ಪಿಸಿಕೊಳ್ಳಲು ಒಂದು ಮಾತನ್ನು ಅವನ ಬಾಯಿಗೆ ಕೊಡಿ: ‘ಮಾಮ ಏಳಕ್ಕೆ ವಿಡಿಯೋ ಕಾಲ್ ಮಾಡ್ತಾರೆ, ಆಗಲ್ಲ.’ ನೀವು ನಿಜವಾಗಿಯೂ ಏಳಕ್ಕೆ ಕಾಲ್ ಮಾಡಬೇಕು. ಎರಡು ದಿನ ತಪ್ಪಿಸಿದರೆ ಆ ನೆಪಕ್ಕೆ ಬೆಲೆ ಹೋಗುತ್ತದೆ.

ಈ ದೊಡ್ಡವರ ಜೊತೆ ಇನ್ನೊಂದು ಅಪಾಯವಿದೆ. ಇಂಥ ಕೇಸುಗಳಲ್ಲಿ ಚಿಕ್ಕವನಿಗೆ ‘ನೀನು ಮೈನರ್, ನಿನಗೇನೂ ಆಗಲ್ಲ, ನಂದೇ ಐಡಿಯಾ ಅಂತ ಒಪ್ಪಿಕೋ’ ಎಂದು ಹೇಳಿಕೊಡುವುದು ಸಾಮಾನ್ಯ. ಅವನು ಅದನ್ನು ಸ್ನೇಹ ಎಂದುಕೊಳ್ಳುತ್ತಾನೆ. ಮಗುವನ್ನು ಅಪರಾಧಕ್ಕೆ ಬಳಸಿಕೊಳ್ಳುವುದೇ ಬೇರೆಯ ಅಪರಾಧ. ಬಾಲ ನ್ಯಾಯ ಕಾಯ್ದೆ 2015ರ 83ನೇ ಕಲಂ ಪ್ರಕಾರ ಅದಕ್ಕೆ ಏಳು ವರ್ಷದವರೆಗೆ ಕಠಿಣ ಸಜೆ ಮತ್ತು ಐದು ಲಕ್ಷ ರೂಪಾಯಿ ದಂಡವಿದೆ. ಭಾರತೀಯ ನ್ಯಾಯ ಸಂಹಿತೆಯ 95ನೇ ಕಲಂ ಪ್ರಕಾರ ಮೂರರಿಂದ ಹತ್ತು ವರ್ಷ. ಹುಡುಗನನ್ನು ಯಾರು, ಯಾವಾಗ, ಏನು ಹೇಳಿ ಕರೆದರು ಎಂಬುದನ್ನು ನಿಮ್ಮ ವಕೀಲರ ಮುಂದೆ ಅವನೇ ಹೇಳಲಿ. ವಕೀಲರಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ಸಿಗುತ್ತಾರೆ, ಸಹಾಯವಾಣಿ 15100. ಅವರಿಬ್ಬರ ಮನೆಗೆ ನೀವೇ ಹೋಗಿ ಜಗಳ ತೆಗೆಯಬೇಡಿ, ಬೈಕ್ ಕಳಕೊಂಡವರನ್ನೂ ನೇರವಾಗಿ ಭೇಟಿಯಾಗಬೇಡಿ. ಅದು ಸಾಕ್ಷಿಗಳ ಮೇಲೆ ಒತ್ತಡ ಹಾಕಿದಂತೆ ಕಾಣಬಹುದು. ನಷ್ಟ ಕಟ್ಟಿಕೊಡುವ ಮನಸ್ಸಿದ್ದರೆ ಅವನ ಕೇಸು ನೋಡುವ ಬಾಲ ನ್ಯಾಯ ಮಂಡಳಿಯ ಮೂಲಕ ಹೇಳಿಸಿ.

ಇನ್ನು ಹಿರಿಯರ ಮೂರು ಸಲಹೆಗಳು. ‘ಒಳಗೇ ಇರಲಿ’ ಎಂಬುದರ ಹಿಂದೆ ಕಾಳಜಿಯಿದೆ, ಆದರೆ ಒಳಗಿಟ್ಟಷ್ಟೂ ಬುದ್ಧಿ ಬರುತ್ತದೆ ಎಂಬ ಲೆಕ್ಕ ಸರಿಬಂದಿಲ್ಲ. ಫಿಲಡೆಲ್ಫಿಯಾ ಮತ್ತು ಫೀನಿಕ್ಸ್‌ನಲ್ಲಿ ಗಂಭೀರ ಅಪರಾಧ ಮಾಡಿದ 1,354 ಹುಡುಗ ಹುಡುಗಿಯರನ್ನು ಏಳು ವರ್ಷ ಹಿಂಬಾಲಿಸಿದ ಅಧ್ಯಯನದಲ್ಲಿ, ಹೆಚ್ಚಿನ ಪ್ರಮಾಣದಲ್ಲಿ ಮುಂದುವರಿಸಿದವರು ಹತ್ತರಲ್ಲಿ ಒಬ್ಬರಿಗಿಂತ ಕಡಿಮೆ. ಮೂರು ತಿಂಗಳು ಒಳಗಿದ್ದವರಿಗೂ ಹದಿಮೂರು ತಿಂಗಳು ಒಳಗಿದ್ದವರಿಗೂ ಮತ್ತೆ ತಪ್ಪು ಮಾಡುವುದರಲ್ಲಿ ವ್ಯತ್ಯಾಸ ಸಿಗಲಿಲ್ಲ. ವ್ಯತ್ಯಾಸ ತಂದದ್ದು ಮನೆಯವರೂ ಕೂತು ಭಾಗವಹಿಸಿದ ಚಟ ಚಿಕಿತ್ಸೆ. ಒಳಗಿಟ್ಟಾಗ ಆಗುವುದನ್ನು ನೀವೇ ಊಹಿಸಬಹುದು. ಬೇರೆ ಬೇರೆ ತಾಲ್ಲೂಕಿನ ಹುಡುಗರು ಒಂದೇ ಹಾಲ್‌ನಲ್ಲಿ ಮಲಗುತ್ತಾರೆ, ಹೊರಗೆ ಬಂದಮೇಲೆ ಫೋನ್ ನಂಬರ್‌ಗಳು ಉಳಿಯುತ್ತವೆ. ಪ್ರಾಣಭಯವಿದ್ದಾಗ, ಹೊರಗೆ ಗ್ಯಾಂಗ್ ಕಾಯುತ್ತಿರುವಾಗ, ಚಟ ಕೈಮೀರಿದಾಗ ಕೆಲವು ವಾರ ಒಳಗಿರುವುದೇ ಕ್ಷೇಮ ಎನ್ನುವ ಸಂದರ್ಭಗಳು ಇವೆ. ಬಾಲ ನ್ಯಾಯ ಕಾಯ್ದೆಯ 12ನೇ ಕಲಂ ಅಂಥಲ್ಲಿ ಜಾಮೀನು ನಿರಾಕರಿಸಲು ಅವಕಾಶ ಕೊಡುತ್ತದೆ. ಬುದ್ಧಿ ಬರಲೆಂದು ಒಳಗಿಡುವುದು ಬೇರೆ ಮಾತು. ಹೇಗೂ ಅದು ಮನೆಯವರು ಆರಿಸಿಕೊಳ್ಳುವ ಸಂಗತಿಯಲ್ಲ, ಮಂಡಳಿಯ ತೀರ್ಮಾನ.

ಜೈಲು ತೋರಿಸಿ ಹೆದರಿಸುವುದನ್ನು ಮಾಡಲೇಬೇಡಿ. ನ್ಯೂಜೆರ್ಸಿಯ ರಾಹ್‌ವೇ ಜೈಲಿನಲ್ಲಿ 1970ರ ದಶಕದಲ್ಲಿ ಜೀವಾವಧಿ ಕೈದಿಗಳಿಂದ ಹುಡುಗರನ್ನು ಗದರಿಸುವ ಕಾರ್ಯಕ್ರಮ ಶುರುವಾಗಿ ಬಹಳ ಹೆಸರು ಮಾಡಿತು. ಆಮೇಲೆ ಇಂಥ ಕಾರ್ಯಕ್ರಮಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಪರೀಕ್ಷಿಸಿದರು. ಜೈಲು ನೋಡಿ ಬಂದ ಹುಡುಗರೇ ನೋಡದವರಿಗಿಂತ ಹೆಚ್ಚು ತಪ್ಪು ಮಾಡಿದರು. ಒಂದು ಸಲ ಹೋಗಿ ಬಂದ ಜಾಗದ ಭಯ ಇಳಿಯುತ್ತದೆ, ಓಣಿಯಲ್ಲಿ ಹೇಳಿಕೊಳ್ಳಲು ಒಂದು ಕಥೆಯೂ ಸಿಗುತ್ತದೆ.

ಮದುವೆ. ಇದರಲ್ಲಿ ಒಂದು ಎಳೆ ಸತ್ಯವಿದೆ, ಅದಕ್ಕೇ ಇದು ಅಪಾಯದ ಸಲಹೆ. ಸುಧಾರಣಾ ಶಾಲೆ ಸೇರಿದ್ದ ಬಾಸ್ಟನ್‌ನ 500 ಹುಡುಗರನ್ನು ಗ್ಲೂಯೆಕ್ ದಂಪತಿ ಅಧ್ಯಯನ ಮಾಡಿದ್ದರು. ಆಮೇಲೆ ರಾಬರ್ಟ್ ಸ್ಯಾಂಪ್ಸನ್ ಮತ್ತು ಜಾನ್ ಲಾಬ್ ಎಂಬ ಸಂಶೋಧಕರು ಆ ಹುಡುಗರ ಹಾದಿಯನ್ನು 70 ವಯಸ್ಸಿನವರೆಗೂ ನೋಡಿದರು. ಸ್ಥಿರವಾದ ಕೆಲಸ, ಸೈನ್ಯ, ಒಳ್ಳೆಯ ದಾಂಪತ್ಯ ಇವು ಅನೇಕರ ದಾರಿ ತಿರುಗಿಸಿದ್ದವು. ಕಾರಣ ಸರಳ: ದಿನಕ್ಕೊಂದು ಕ್ರಮ ಬಂತು, ಹಳೆಯ ಗೆಳೆಯರ ಜೊತೆ ಕಳೆಯುವ ಹೊತ್ತು ಕರಗಿತು, ಕಳಕೊಳ್ಳಲು ಏನೋ ಒಂದು ಸಿಕ್ಕಿತು. ಅವು ದೊಡ್ಡವರಾದಮೇಲೆ, ಇಷ್ಟಪಟ್ಟು ಆದ, ಬಾಳಿದ ಮದುವೆಗಳು. ಇಲ್ಲಿ 21 ತುಂಬದೆ ಹುಡುಗನ ಮದುವೆ ಕಾನೂನಿನಲ್ಲೇ ಇಲ್ಲ. ಒಬ್ಬ ಹುಡುಗಿಯನ್ನು ಔಷಧಿಯ ಹಾಗೆ ತಂದು ಈ ಮನೆಗೆ ಹಾಕುವುದು ಅವಳಿಗೆ ಮಾಡುವ ಅನ್ಯಾಯ. ಮದುವೆ ಕೊಡುತ್ತಿದ್ದ ಆ ಮೂರನ್ನೂ ಬೇರೆ ದಾರಿಯಿಂದ ಕೊಡಬಹುದು. ನಿಮ್ಮ ಅಂಗಡಿ ಒಳ್ಳೆಯ ಯೋಚನೆ ಅನ್ನಿಸುವುದು ಅದಕ್ಕೇ.

ಕರೆದುಕೊಂಡು ಬರುವ ಮೊದಲು ಕಾನೂನಿನ ಕೆಲಸ ಮುಗಿಸಿ. ಎಫ್‌ಐಆರ್ ಪ್ರತಿಯಲ್ಲಿ ಯಾವ ಕಲಂ ಹಾಕಿದ್ದಾರೆ ಓದಿ. ಭಾರತೀಯ ನ್ಯಾಯ ಸಂಹಿತೆ 303(2) ಆಗಿದ್ದರೆ ಗರಿಷ್ಠ ಮೂರು ವರ್ಷ, ಬಾಲ ನ್ಯಾಯ ಕಾಯ್ದೆಯ ಲೆಕ್ಕದಲ್ಲಿ ಸಣ್ಣ ಅಪರಾಧ. ನಾಲ್ಕು ತಿಂಗಳಲ್ಲಿ, ವಿಸ್ತರಿಸಿದರೆ ಇನ್ನೆರಡು ತಿಂಗಳಲ್ಲಿ ವಿಚಾರಣೆ ಮುಗಿಯದಿದ್ದರೆ ಕೈಬಿಡಬೇಕು. 305 ಹಾಕಿದ್ದರೆ ಏಳು ವರ್ಷದವರೆಗೆ, ಅದು ಗಂಭೀರ ವರ್ಗ. ಎರಡೂ ‘ಘೋರ’ ಅಪರಾಧಗಳಲ್ಲ. ಆದ್ದರಿಂದ ದೊಡ್ಡವರಂತೆ ವಿಚಾರಣೆ ನಡೆಸುತ್ತಾರೆ ಎಂಬ ಮಾತಿಗೆ ಹೆದರಬೇಡಿ. ಜಾಮೀನಿನ ಷರತ್ತಿನಲ್ಲಿ ವಿಳಾಸ, ಹಾಜರಿ ಏನಿದೆ ನೋಡಿ. ಹೇಳದೆ ಕೇಳದೆ ಜಿಲ್ಲೆ ಬಿಟ್ಟರೆ ‘ಪರಾರಿ’ ಎಂದು ಬರೆಸಿಕೊಳ್ಳುವುದು ಸುಲಭ. ಪರಿವೀಕ್ಷಣಾಧಿಕಾರಿಯನ್ನು (ಪ್ರೊಬೇಷನ್ ಆಫೀಸರ್) ಕಂಡು, ನಾನು ಸೋದರಮಾವ, ನನ್ನ ಬಳಿ ಇಟ್ಟುಕೊಳ್ಳುತ್ತೇನೆ, ನನ್ನನ್ನು ಯೋಗ್ಯ ವ್ಯಕ್ತಿಯೆಂದು ಪರಿಗಣಿಸಿ ಎಂದು ಮಂಡಳಿಗೆ ಅರ್ಜಿ ಕೊಡಿ, ಮೇಲ್ವಿಚಾರಣೆಯನ್ನು ಹಾವೇರಿ ಜಿಲ್ಲೆಗೆ ಒಪ್ಪಿಸಲು ಕೋರಿ. ಆ ಅಧಿಕಾರಿ ಬರೆಯುವ ಸಾಮಾಜಿಕ ತನಿಖಾ ವರದಿಯನ್ನು ಮಂಡಳಿ ಎಲ್ಲಕ್ಕಿಂತ ಮೊದಲು ಓದುತ್ತದೆ. ಬುದ್ಧಿವಾದ, ಆಪ್ತಸಮಾಲೋಚನೆ, ಸಮುದಾಯ ಸೇವೆ, ಮೂರು ವರ್ಷದವರೆಗೆ ಸನ್ನಡತೆಯ ಮೇಲೆ ಬಿಡುಗಡೆ, ವಿಶೇಷ ಗೃಹ ಇವುಗಳಲ್ಲಿ ಯಾವುದು ಎಂಬುದು ಬಹುಮಟ್ಟಿಗೆ ಅಲ್ಲೇ ನಿಂತಿರುತ್ತದೆ.

ಅಂಗಡಿಯ ಬಗ್ಗೆ ನಿಮಗೆ ಹೊಳೆದಿರಲಾರದ ಒಂದು ಮಾತು. ರಿವೈಂಡಿಂಗ್ ಅಂಗಡಿಯಲ್ಲಿ ವಾರ್ನಿಷ್, ಥಿನ್ನರ್ ಡಬ್ಬಗಳು ಇದ್ದೇ ಇರುತ್ತವೆ. ಸೊಲ್ಯೂಷನ್ ಮೂಸುವ ಹುಡುಗನಿಗೆ ಅದು ಅದೇ ವಸ್ತು. ಮೊದಲ ಆರು ತಿಂಗಳು ವಾರ್ನಿಷ್ ಕೆಲಸ ಅವನಿಗೆ ಬೇಡ, ಡಬ್ಬಗಳು ಬೀಗದೊಳಗೆ ಇರಲಿ, ಬೀಗದ ಕೈ ನಿಮ್ಮ ಸೊಂಟದಲ್ಲಿರಲಿ. ಇನ್ನೊಂದು, ಸುಟ್ಟ ಮೋಟಾರಿನಿಂದ ತೆಗೆದ ಹಳೆ ತಾಮ್ರ. ಗುಜರಿಗೆ ಹಾಕಿದರೆ ಕೂಡಲೇ ಕಾಸು ಸಿಗುವ ಸಾಮಾನು ಅದು. ಸಂಜೆ ತೂಕ ಮಾಡಿ ಪುಸ್ತಕದಲ್ಲಿ ಬರೆಯುವ ರೂಢಿ ಅಂಗಡಿಯ ಎಲ್ಲರಿಗೂ ಇರಲಿ, ಇವನೊಬ್ಬನಿಗೇ ಮಾಡಿದರೆ ಅವಮಾನ. ‘ನೋಡೋಣ, ತೆಗೀತಾನಾ’ ಎಂದು ಗಲ್ಲಾಪೆಟ್ಟಿಗೆ ತೆರೆದಿಟ್ಟು ಪರೀಕ್ಷೆ ಮಾಡುವವರಿದ್ದಾರೆ. ಹಾಗೆ ಮಾಡಬೇಡಿ. ನಂಬಿಕೆ ಕೊಡುವುದು ಸಣ್ಣ ಮೊತ್ತದಿಂದ, ಲೆಕ್ಕ ಕೇಳುವ ದಿನ ಹೇಳಿಯೇ.

ಕೆಲಸದಲ್ಲಿ ಅವನಿಗೆ ಮೊದಲು ಕೊಡಬೇಕಾದದ್ದು ಎಣಿಕೆ. ಸುಟ್ಟ ಕಾಯಿಲ್ ಬಿಚ್ಚಿ ಸುತ್ತು ಎಣಿಸುವುದು, ತಂತಿಯ ಗೇಜ್ ಅಳೆದು ಬರೆಯುವುದು, ಸ್ಲಾಟ್‌ಗೆ ಪೇಪರ್ ಕತ್ತರಿಸಿ ಕೂರಿಸುವುದು. ಸುತ್ತು ತಪ್ಪಿದರೆ ಮೋಟಾರೇ ಹೇಳುತ್ತದೆ, ನೀವು ಬಯ್ಯಬೇಕಿಲ್ಲ. ಕೆಟ್ಟ ಹೆಸರು ಹೊತ್ತ ಹುಡುಗನಿಗೆ, ತಾನು ಸುತ್ತಿದ ಮೋಟಾರ್ ಯಾರದೋ ಹೊಲದಲ್ಲಿ ನೀರೆತ್ತುತ್ತಿದೆ ಎಂಬ ಸುದ್ದಿ ಬೇರೆಯದೇ ಹೆಸರು ಕೊಡುತ್ತದೆ. 18 ತುಂಬುವವರೆಗೆ ಕರೆಂಟ್ ಇರುವ ಲೈನ್ ಮುಟ್ಟಿಸಬೇಡಿ. ಈ ವಯಸ್ಸಿನವರಿಗೆ ಕಾನೂನು ಬಿಡುವೂ ಸೇರಿ ದಿನಕ್ಕೆ ಆರು ಗಂಟೆ ಮಿತಿ ಹಾಕಿದೆ, ರಾತ್ರಿ 7ರಿಂದ ಬೆಳಿಗ್ಗೆ 8ರವರೆಗೆ ಕೆಲಸವಿಲ್ಲ, ವಾರಕ್ಕೊಂದು ರಜೆ. ಅದು ಒಳ್ಳೆಯದೇ. ಮೂರನೇ ಉರುಳು ನಿಂತುಹೋದ ಓದು, ಉಳಿದ ಹೊತ್ತಿನಲ್ಲಿ ಹೋದ ಎರಡು ವಿಷಯ ಕಟ್ಟಿಸಿ. ಮತ್ತೆ ಪರೀಕ್ಷೆ ಬರೆಯುವ ದಾರಿ ಮುಚ್ಚಿದ್ದರೆ ರಾಷ್ಟ್ರೀಯ ಮುಕ್ತ ಶಾಲೆ, ಕರ್ನಾಟಕ ಮುಕ್ತ ಶಾಲೆ ಇವೆ. ಎಸ್ಸೆಸ್ಸೆಲ್ಸಿ ಆದರೆ ಐಟಿಐ ಎಲೆಕ್ಟ್ರಿಷಿಯನ್ ಬಾಗಿಲು ತೆರೆಯುತ್ತದೆ. ಬಟವಾಡೆ ತಿಂಗಳಿಗಲ್ಲ, ಶನಿವಾರ ಶನಿವಾರ ಕೊಡಿ. ಮೂವತ್ತು ದಿನದ ಆಚೆಗಿನ ದುಡ್ಡು ಈ ವಯಸ್ಸಿಗೆ ಕಾಣುವುದಿಲ್ಲ. ಅರ್ಧ ಅವನ ಕೈಯಿಂದಲೇ ತಾಯಿಗೆ ಹೋಗಲಿ. ಖುಷಿಪಡಿಸಲು ಬೈಕ್ ಕೀ ಕೊಡಬೇಡಿ. 18ರ ಒಳಗಿನವ ಓಡಿಸಿ ಸಿಕ್ಕರೆ ಮೋಟಾರು ವಾಹನ ಕಾಯ್ದೆಯಡಿ ಗಾಡಿ ಮಾಲೀಕರಾದ ನಿಮಗೆ 25,000 ದಂಡ, ಮೂರು ವರ್ಷದವರೆಗೆ ಸಜೆ.

ನಿಮ್ಮ ಮನೆಯವರ ಭಯವನ್ನು ತಳ್ಳಿಹಾಕಬೇಡಿ. ಬೈಕ್ ಕದ್ದವನು ಹೆಣ್ಣುಮಕ್ಕಳಿಗೆ ಅಪಾಯ ಎಂದೇನೂ ಅರ್ಥವಲ್ಲ, ಆದರೆ ಅಮಲಿನಲ್ಲಿರುವ ಯಾವ ಹುಡುಗನಿದ್ದರೂ ಮನೆಗೆ ಇಕ್ಕಟ್ಟು. ಅವನ ಮಲಗುವ ಜಾಗ ಬೇರೆ ಇರಲಿ. ಅಮಲಿನಲ್ಲಿ ಬಂದ ರಾತ್ರಿ ಏನು ಮಾಡಬೇಕು ಎಂಬುದನ್ನು ಅವರೊಂದಿಗೆ ಮೊದಲೇ ಮಾತಾಡಿ. ಅವರು ಮನಸಾರೆ ಒಪ್ಪದಿದ್ದರೆ ಕರೆತರಬೇಡಿ. ತಂದು ಎರಡು ತಿಂಗಳಿಗೆ ವಾಪಸ್ ಕಳಿಸುವುದು ತರದೇ ಇರುವುದಕ್ಕಿಂತ ಕೆಟ್ಟದ್ದು. ಆಗ ದಾವಣಗೆರೆಯಲ್ಲೇ ನಿಮ್ಮಂಥ ಒಬ್ಬ ಮೇಸ್ತ್ರಿಯನ್ನು ಹುಡುಕಿ, ಏಳರ ಫೋನ್ ಮುಂದುವರಿಸಿ.

ಊರು ಬದಲಿಸಿದರೆ ಗೆಳೆಯರು ತಪ್ಪುತ್ತಾರೆ, ಇನ್‌ಸ್ಟಾಗ್ರಾಂ ತಪ್ಪುವುದಿಲ್ಲ. ಸಿಮ್ ಬದಲಿಸಿ, ಹಳೆಯ ಗ್ರೂಪ್‌ಗಳಿಂದ ಅವನೇ ಹೊರಬರಲಿ. ಒಂದು 200 ಪುಟದ ನೋಟ್‌ಬುಕ್ ಕೊಟ್ಟು ಬೈಕಿನ ಆ ದಿನವನ್ನು ಗಂಟೆ ಗಂಟೆಯಾಗಿ ಬರೆಯಲು ಹೇಳಿ: ಯಾರು ಕರೆದರು, ಏನಂದರು, ಮೂಸಿದ್ದನೇ, ಎದೆ ಯಾವಾಗ ಹೊಡೆದುಕೊಂಡಿತು, ಎಲ್ಲಿ ಇಳಿದು ಹೋಗಬಹುದಿತ್ತು. ಬರೆಯಲು ಕಷ್ಟವಾದರೆ ಹೇಳಲಿ, ನೀವು ಬರೆದುಕೊಳ್ಳಿ. ಆಪ್ತಸಮಾಲೋಚಕರು ಇದನ್ನೇ ಮಾಡಿಸುತ್ತಾರೆ, ನೋಟ್‌ಬುಕ್ ಅವರ ಕೈಗೂ ಹೋಗಲಿ. ಇಳಿಯಬಹುದಾಗಿದ್ದ ಜಾಗ ಎರಡೋ ಮೂರೋ ಸಿಗುತ್ತವೆ. ಮುಂದಿನ ಸಲಕ್ಕೆ ಬೇಕಾಗುವವು ಅವೇ.

ಮುಂದಿನ ಸಲ ಎಂದೆ. ಒಂದು ಸಲ ಮತ್ತೆ ಜಾರುವ ಸಂಭವ ಇದ್ದೇ ಇದೆ. ನಿಲ್ಲಿಸುವುದು ಒಂದೇ ದಿನದಲ್ಲಿ ಆಗುವ ಸಂಗತಿಯಲ್ಲ, ಅಂತರ ಹೆಚ್ಚುತ್ತಾ, ತಪ್ಪು ಚಿಕ್ಕದಾಗುತ್ತಾ ಬರುತ್ತದೆ. ಆರು ತಿಂಗಳು ನೆಟ್ಟಗಿದ್ದು ಒಂದು ರಾತ್ರಿ ಸೊಲ್ಯೂಷನ್ ಮೂಸಿದರೆ ಅದನ್ನು ಜಾರಿದ್ದೆಂದು ಬರೆದುಕೊಳ್ಳಿ, ಮುಗಿಯಿತೆಂದು ಬರೆಯಬೇಡಿ. ಮತ್ತೆ ಪೊಲೀಸರು ಕರೆದೊಯ್ದರೆ ನೆನಪಿರಬೇಕಾದದ್ದಿಷ್ಟು: ಲಾಕಪ್‌ನಲ್ಲಿ ಇಡುವಂತಿಲ್ಲ, ಕೈಕೋಳ ಹಾಕುವಂತಿಲ್ಲ, 24 ಗಂಟೆಯೊಳಗೆ ಮಂಡಳಿಯ ಮುಂದೆ ಹಾಜರುಪಡಿಸಬೇಕು, ಪೋಷಕರಿಗೆ ತಿಳಿಸಬೇಕು. ಮಕ್ಕಳ ಸಹಾಯವಾಣಿ 1098.

ನಾಲ್ಕನೆಯ ಉರುಳು ಹೆಸರು, ಅದು ನಿಮ್ಮ ಬಂಧುಗಳ ಕೈಯಲ್ಲೇ ಇದೆ. ಅವನ ಫೋಟೋ, ಹೆಸರು ವಾಟ್ಸ್‌ಆ್ಯಪ್ ಗ್ರೂಪ್‌ನಲ್ಲಿ, ಲೋಕಲ್ ಚಾನೆಲ್‌ನಲ್ಲಿ ಬಂದಿದ್ದರೆ ತೆಗೆಸಿ. ಗುರುತು ಬಯಲು ಮಾಡುವುದಕ್ಕೆ ಬಾಲ ನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಸಜೆ ಅಥವಾ ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. 24ನೇ ಕಲಂ ಪ್ರಕಾರ ಈ ಪ್ರಕರಣದಿಂದ ಮುಂದೆ ಅವನಿಗೆ ಯಾವ ಅನರ್ಹತೆಯೂ ಅಂಟುವುದಿಲ್ಲ, ದಾಖಲೆಯನ್ನು ನಿಗದಿತ ಅವಧಿಯ ನಂತರ ನಾಶಮಾಡಬೇಕು. ಸರ್ಕಾರವೇ ಅಳಿಸಲು ಒಪ್ಪಿದ್ದನ್ನು ಹಬ್ಬದೂಟದ ಪಂಕ್ತಿಯಲ್ಲಿ ‘ನಮ್ಮ ಬೈಕ್ ಕಳ್ಳ ಬಂದ’ ಎಂದು ಯಾರೂ ಮತ್ತೆ ಬರೆಯದಂತೆ ನೋಡಿಕೊಳ್ಳುವ ಕೆಲಸ ಸೋದರಮಾವನದು.

ಮುಂದಿನ ವಾಯಿದೆಗೆ ಹೋಗುವಾಗ ಈ ಕಾಗದಗಳು ಜೊತೆಗಿರಲಿ: ವಯಸ್ಸಿಗೆ ಶಾಲೆಯ ಜನ್ಮದಿನಾಂಕ ದಾಖಲೆ, ಆಸ್ಪತ್ರೆಯ ಚೀಟಿ, ಪರೀಕ್ಷೆಗೆ ಹಣ ಕಟ್ಟಿದ ರಸೀದಿ, ನಿಮ್ಮ ಮನೆಯ ವಿಳಾಸದ ಪುರಾವೆ, ಮತ್ತು ನೀವೇ ಬರೆದ ಒಂದು ಪುಟ. ಅವನು ಎಷ್ಟಕ್ಕೆ ಏಳುತ್ತಾನೆ, ಎಲ್ಲಿ ಕೆಲಸ, ಸಂಜೆ ಏಳರಿಂದ ಹತ್ತರವರೆಗೆ ಎಲ್ಲಿರುತ್ತಾನೆ, ತಪ್ಪಿದರೆ ನೀವು ಯಾರಿಗೆ ಫೋನ್ ಮಾಡುತ್ತೀರಿ, ಇಷ್ಟೇ. ಮಂಡಳಿಗೆ ಕೊಡುವ ಹಿಂದಿನ ರಾತ್ರಿ ಆ ಪುಟವನ್ನು ಅವನ ಮುಂದೆ ಓದಿ, ಪೆನ್ನು ಅವನ ಕೈಗೆ ಕೊಡಿ. ಆಗದ ಮಾತಿದ್ದರೆ ಅವನೇ ಹೊಡೆದುಹಾಕಲಿ.